ಐಕನಾ ಭಾಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐಕನಾ ಎಲ್ಲಿಯ ಭಾಷೆ?

ಬ್ರೆಜಿಲ್ ದೇಶದ ಪಶ್ಚಿಮ ಅಂಚಿನಲ್ಲಿ, ಬೊಲಿವಿಯಾಕ್ಕೆ ತಾಗಿಕೊಂಡಂತೆ ರೊಂಡೋನಿಯಾ ಎಂಬ ರಾಜ್ಯವಿದೆ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಜನಸಂಖ್ಯೆ ಮಾತ್ರ ಹದಿನಾರು ಲಕ್ಷದ ಆಸುಪಾಸು. ಅದರ ಆಗ್ನೇಯ ಭಾಗದಲ್ಲಿ, ವಿಲ್ಯೇನಾ ಪಟ್ಟಣದಿಂದ ಒಳಕ್ಕೆ, ಶುಪಿಂಗ್ವಾಯಾ ಎಂಬ ಸ್ಥಳೀಯಾಡಳಿತದ ವ್ಯಾಪ್ತಿಯಲ್ಲಿ ಟುಬರಾವ್-ಲಾತುಂದೆ ಎಂಬ ಮೂಲನಿವಾಸಿ ಪ್ರದೇಶವಿದೆ. ಐಕನಾ ಮಾತಾಡುವವರಲ್ಲಿ ಹೆಚ್ಚಿನವರು ಇರುವುದು ಅಲ್ಲಿ. ರಿಯೊ ಸಾವ್ ಪೆಡ್ರೊ ನದಿಯ ದಂಡೆಯಲ್ಲಿ, ನೆರೆಯ ಕ್ವಾಜಾ ಜನರ ಪ್ರದೇಶದಲ್ಲಿ ಕೆಲವು ಮನೆಗಳಿವೆ. ಇನ್ನಷ್ಟು ಜನ ದೂರದ ಗ್ವಾಪೊರೆ ನದಿಯ ಮೂಲನಿವಾಸಿ ಪ್ರದೇಶದಲ್ಲಿ ಹತ್ತಾರು ಬುಡಕಟ್ಟುಗಳ ನಡುವೆ ನೆಲೆಸಿದ್ದಾರೆ.

ಜನಾಂಗದ ಹೆಸರೂ ಐಕನಾ, ಭಾಷೆಯ ಹೆಸರೂ ಅದೇ.

ಉಚ್ಚರಿಸುವುದು ಹೇಗೆ?

ಕೊನೆಯ ಸ್ವರ ಮೂಗಿನಿಂದ ಬರಬೇಕು. ಯಾರೋ ಕರೆದಾಗ ನಾವು "ಹಾಂ" ಎಂದು ಓಗೊಡುತ್ತೇವಲ್ಲ, ಅಲ್ಲಿ ತುಟಿ ಮುಚ್ಚದೆ, ಮ್ ಎಂದು ಮುಗಿಸದೆ ಸ್ವರವೇ ಮೂಗಿಗೇರುತ್ತದೆ. 'ಐಕನಾ'ದ ತುದಿಯೂ ಹಾಗೆಯೇ. ಕನ್ನಡ ಬರಹದಲ್ಲಿ ಇದನ್ನು ಸರಿಯಾಗಿ ತೋರಿಸುವ ಗುರುತು ಬಳಕೆಯಲ್ಲಿಲ್ಲ. 'ಐಕನಾಂ' ಎಂದು ಬರೆದರೆ ಕೊನೆಯಲ್ಲಿ ಮಕಾರ ಸೇರಿಸಿ ಓದುವ ಅಪಾಯವಿದೆ. ಅದಕ್ಕಾಗಿ ಇಲ್ಲಿ ಸುಮ್ಮನೆ ಐಕನಾ ಎಂದೇ ಬರೆದಿದ್ದೇನೆ.

ಹಳೆಯ ಬರಹಗಳಲ್ಲಿ ಬೇರೆ ಬೇರೆ ಹೆಸರುಗಳು ಸಿಗುತ್ತವೆಯಲ್ಲ?

ಹೌದು. ಮಸಾಕಾ, ಹುವಾರಿ, ಕಸುಪಾ, ಟುಬರಾವ್, ಎಲ್ಲವೂ ಈ ಜನರಿಗೋ ಅವರ ಒಂದು ಪಂಗಡಕ್ಕೋ ಹೊರಗಿನವರು ಬಳಸಿದ ಹೆಸರುಗಳು. ಟುಬರಾವ್ ಅಂತೂ ಅಪ್ಪಟ ಪೋರ್ಚುಗೀಸ್ ಪದ, ಶಾರ್ಕ್ ಮೀನು ಎಂದರ್ಥ. ಸಮುದ್ರದಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕಾಡಿನ ಜನರಿಗೆ ಆ ಹೆಸರು ಅಂಟಿಕೊಂಡು, ಇಂದಿಗೂ ಸರ್ಕಾರಿ ದಾಖಲೆಯಲ್ಲಿ ಉಳಿದಿದೆ. ಸ್ವೀಡನ್ನಿನ ಮಾನವಶಾಸ್ತ್ರಜ್ಞ ಎರ್ಲಾಂಡ್ ನೋರ್ಡೆನ್‌ಶೋಲ್ಡ್ 1914ರ ಸುಮಾರಿಗೆ ಈ ಸೀಮೆಗೆ ಹೋಗಿದ್ದಾಗ ದಾಖಲಿಸಿದ್ದು ಹುವಾರಿ ಎಂಬ ಹೆಸರನ್ನು. ಇವೆಲ್ಲ ಬೇರೆ ಬೇರೆ ಭಾಷೆಗಳೆಂದು ಎಣಿಸಿಕೊಂಡ ಪಟ್ಟಿಗಳೂ ಇವೆ. ಓದುವಾಗ ಎಚ್ಚರ ಬೇಕು.

ಎಷ್ಟು ಜನ ಮಾತಾಡುತ್ತಾರೆ?

ಇನ್ನೂರರ ಆಸುಪಾಸು. ಜನಾಂಗದ ಒಟ್ಟು ಸಂಖ್ಯೆ ಅದಕ್ಕಿಂತ ಹೆಚ್ಚು, ಆದರೆ ಐಕನಾ ಮನೆತನದವರೆಲ್ಲರೂ ಐಕನಾ ಮಾತಾಡುವುದಿಲ್ಲ.

ಐಕನಾ 'ಒಂಟಿ ಭಾಷೆ' ಅನ್ನುತ್ತಾರೆ. ಹಾಗೆಂದರೇನು?

ಕನ್ನಡಕ್ಕೆ ಬಂಧುಗಳಿದ್ದಾರೆ. ತಮಿಳು, ತುಳು, ತೆಲುಗು, ಮಲಯಾಳ, ಕೊಡವ, ಬಡಗ, ಗೊಂಡಿ, ದೂರದ ಬಲೂಚಿಸ್ತಾನದ ಬ್ರಾಹುಯಿ ಕೂಡ. ಇವನ್ನು ಹೋಲಿಸಿ ನೋಡಿದರೆ ಎಲ್ಲಕ್ಕೂ ಒಂದು ಮೂಲ ದ್ರಾವಿಡ ಭಾಷೆ ಇತ್ತೆಂದು ಗೊತ್ತಾಗುತ್ತದೆ. ತಮಿಳಿನ 'ಪಾಲ್' ಕನ್ನಡದಲ್ಲಿ 'ಹಾಲು' ಆದದ್ದು ಹೇಗೆಂದು ನಿಯಮ ಕಟ್ಟಿ ಹೇಳಬಹುದು. ಐಕನಾಗೆ ಇಂಥ ಬಂಧು ಒಂದೂ ಸಿಕ್ಕಿಲ್ಲ. ಅದರ ಹಳೆಯ ರೂಪ ಹೇಗಿತ್ತೆಂದು ಅಕ್ಕಪಕ್ಕದ ಭಾಷೆಯನ್ನು ಇಟ್ಟುಕೊಂಡು ಲೆಕ್ಕ ಹಾಕಲು ಬರುವುದಿಲ್ಲ.

ಒಂಟಿ ಎಂದರೆ ಹುಟ್ಟಿನಿಂದಲೇ ಒಂಟಿ ಎಂದಲ್ಲ. ಒಡಹುಟ್ಟಿದ ಭಾಷೆಗಳು ಇದ್ದಿರಬೇಕು. ಅವು ಬರೆದಿಡುವವರಿಲ್ಲದ ಕಾಲದಲ್ಲಿ ಅಳಿದು, ಕೊನೆಗೆ ಉಳಿದದ್ದು ಇದೊಂದು. ಹೀಗಾಗಿ ಐಕನಾ ಹೋದರೆ ಒಂದು ಇಡೀ ಭಾಷಾ ಕುಟುಂಬವೇ ಹೋದ ಹಾಗೆ. ಸಾವಿರಾರು ವರ್ಷಗಳ ಒಂದು ಪ್ರತ್ಯೇಕ ಬೆಳವಣಿಗೆಗೆ ಈಗಿರುವ ಸಾಕ್ಷಿ ಆ ಇನ್ನೂರು ಜನರ ಬಾಯಿ ಮಾತ್ರ.

ನಮ್ಮ ಕಡೆ ಇಂಥ ಭಾಷೆ ಇದೆಯೇ?

ಇದೆ. ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಗಡಿಯಲ್ಲಿ, ಬುಲ್ಢಾಣಾ ಜಿಲ್ಲೆಯ ಕಡೆ ಕೆಲವು ಸಾವಿರ ಜನ ನಿಹಾಲಿ ಮಾತಾಡುತ್ತಾರೆ. ಅದನ್ನು ದ್ರಾವಿಡಕ್ಕಾಗಲಿ, ಮುಂಡಾ ಭಾಷೆಗಳಿಗಾಗಲಿ, ಹಿಂದಿ-ಮರಾಠಿ ಬಳಗಕ್ಕಾಗಲಿ ಸೇರಿಸಲಾಗಿಲ್ಲ. ನೇಪಾಳದ ಕುಸುಂಡಾ ಮತ್ತು ಗಿಲ್ಗಿಟ್ ಕಡೆಯ ಬುರುಶಸ್ಕಿ ಇನ್ನೆರಡು. ಅಂದರೆ ಇಡೀ ದಕ್ಷಿಣ ಏಷ್ಯಾದಲ್ಲಿ ಹುಡುಕಿದರೆ ಬೆರಳೆಣಿಕೆಯಷ್ಟು. ಐಕನಾ ಇರುವ, ಗ್ವಾಪೊರೆ ಮತ್ತು ಮಾಮೊರೆ ನದಿಗಳ ಸುತ್ತಲಿನ ಸೀಮೆಯೊಂದರಲ್ಲೇ ಹನ್ನೊಂದು ಒಂಟಿ ಭಾಷೆಗಳನ್ನು ಭಾಷಾಶಾಸ್ತ್ರಜ್ಞರು ಎಣಿಸಿದ್ದಾರೆ. ಅವುಗಳ ಜೊತೆಗೆ ತುಪಿ, ಅರವಾಕ್, ನಂಬಿಕ್ವಾರಾ, ಚಪಕುರಾ ಮೊದಲಾದ ಎಂಟು ಕುಟುಂಬಗಳು. ಒಟ್ಟು ಐವತ್ತಕ್ಕೂ ಹೆಚ್ಚು ಭಾಷೆ. ಭಾಷೆಗಳ ಇಂಥ ದಟ್ಟಣೆ ಭೂಮಿಯ ಮೇಲೆ ಕೆಲವೇ ಕಡೆ ಇದೆ, ಮತ್ತು ಬಹುತೇಕ ಕನ್ನಡ ಓದುಗರು ಆ ಸೀಮೆಯ ಹೆಸರನ್ನೇ ಕೇಳಿರುವುದಿಲ್ಲ. ಈ ಪುಟ ಬರೆಯಲು ಅದೇ ಕಾರಣ.

ಪಕ್ಕದ ಕ್ವಾಜಾ, ಕನೊಎ ಭಾಷೆಗಳು ಐಕನಾಗೆ ಸಂಬಂಧವೇ ಇಲ್ಲವೇ?

ರಕ್ತಸಂಬಂಧ ತೋರಿಸಲಾಗಿಲ್ಲ, ನೆರೆಹೊರೆಯ ಸಂಬಂಧ ಧಾರಾಳವಾಗಿದೆ. ಕ್ವಾಜಾ ಮತ್ತು ಕನೊಎ ಕೂಡ ಒಂದೊಂದೂ ಒಂಟಿ ಭಾಷೆಯೇ. ಮೂರರ ಮೂಲ ಶಬ್ದಗಳನ್ನು ಎದುರುಬದುರು ಇಟ್ಟರೆ ಹೊಂದಿಕೆ ಸಿಗುವುದಿಲ್ಲ. ಆದರೆ ಮಾತು ಕಟ್ಟುವ ರೀತಿಯಲ್ಲಿ ಬಹಳ ಹೋಲಿಕೆಯಿದೆ. ತಲೆಮಾರುಗಟ್ಟಲೆ ಹೆಣ್ಣು ಕೊಟ್ಟು ತಂದು, ಹಬ್ಬಕ್ಕೆ ಕರೆದು, ಜಗಳವಾಡಿ, ರಾಜಿಯಾಗಿ ಬದುಕಿದ ಜನ ಪದಗಳನ್ನು ತಮ್ಮತಮ್ಮದೇ ಇಟ್ಟುಕೊಂಡು ವ್ಯಾಕರಣದ ಜಾಡನ್ನು ಹಂಚಿಕೊಂಡಿದ್ದಾರೆ. ಕನ್ನಡ ಮತ್ತು ಮರಾಠಿ ಬೇರೆ ಬೇರೆ ಕುಟುಂಬದವಾದರೂ ಬೆಳಗಾವಿ, ನಿಪ್ಪಾಣಿ ಕಡೆ ಎರಡರ ವಾಕ್ಯದ ಹದ ಒಂದೇ ಆಗಿರುವುದನ್ನು ಬಲ್ಲವರಿಗೆ ಇದು ಹೊಸದಲ್ಲ.

ಇನ್ನೂರು ಜನರ ಭಾಷೆ. ವ್ಯಾಕರಣ ಸರಳವಾಗಿರಬೇಕು, ಅಲ್ಲವೇ?

ಇಲ್ಲ. ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು, ಅತಿ ಹೆಚ್ಚು ನೋಯಿಸುವುದೂ ಇದೇ. ಮಾತಾಡುವವರ ಸಂಖ್ಯೆಗೂ ವ್ಯಾಕರಣದ ಸಂಕೀರ್ಣತೆಗೂ ಅಂಥ ನಂಟೇನೂ ಇಲ್ಲ.

ಐಕನಾ ಪ್ರತ್ಯಯಗಳ ಭಾಷೆ. ಈ ಮಟ್ಟಿಗೆ ಕನ್ನಡಿಗರಿಗೆ ಹತ್ತಿರ. ಧಾತುವಿಗೆ ಒಂದರ ಹಿಂದೊಂದು ಪ್ರತ್ಯಯ ಸೇರುತ್ತಾ ಹೋಗುತ್ತದೆ. ನಾವು 'ಬರೆಸಿಕೊಳ್ಳಲಾರದವನಿಗೆ' ಎಂದು ಒಂದೇ ಪದದಲ್ಲಿ ಒಂದು ವಾಕ್ಯದಷ್ಟು ಹೇಳುವ ಹಾಗೆ ಅಲ್ಲಿಯೂ ಒಂದು ಕ್ರಿಯಾಪದ ಬಹಳಷ್ಟನ್ನು ಹೊರುತ್ತದೆ. ಯಾರು ಮಾಡಿದ್ದು ಎಂಬುದಷ್ಟೇ ಅಲ್ಲ, ಚಲನೆ ಯಾವ ದಿಕ್ಕಿಗೆ ಎಂಬುದೂ ಕ್ರಿಯಾಪದದೊಳಗೇ ಸೇರಬಲ್ಲದು.

ನಮಗೆ ಹೊಸತೆನಿಸುವುದು ಆಕಾರಸೂಚಕ ಪ್ರತ್ಯಯಗಳು. ಗುಂಡಗಿರುವುದು, ಉದ್ದಕ್ಕಿರುವುದು, ಚಪ್ಪಟೆಯಾದದ್ದು, ದ್ರವ, ಪುಡಿ ಎಂದು ವಸ್ತುವಿನ ರೂಪವನ್ನು ಹೇಳುವ ಪುಟ್ಟ ಪ್ರತ್ಯಯಗಳಿವೆ. ನಾವು ಎಣಿಸುವಾಗ ಮನುಷ್ಯರಿಗೆ 'ಇಬ್ಬರು', ಉಳಿದದ್ದಕ್ಕೆ 'ಎರಡು' ಎಂದು ಎರಡೇ ಬಗೆ ಮಾಡುತ್ತೇವೆ. ಅಲ್ಲಿ ವಿಂಗಡಣೆ ರೂಪದ ಮೇಲೆ ನಡೆಯುತ್ತದೆ, ಬಗೆಗಳೂ ಬಹಳ. ಈ ಸೀಮೆಯ ಎಷ್ಟೋ ಭಾಷೆಗಳಲ್ಲಿ ಇಂಥ ಪ್ರತ್ಯಯಗಳಿವೆ.

ತದ್ವಿರುದ್ಧವಾಗಿ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪ್ರಥಮಾ, ದ್ವಿತೀಯಾ ವಿಭಕ್ತಿಯ ಕೆಲಸವನ್ನು ಈ ಸೀಮೆಯ ಭಾಷೆಗಳು ಸಾಮಾನ್ಯವಾಗಿ ನಾಮಪದಕ್ಕೆ ಒಪ್ಪಿಸುವುದಿಲ್ಲ. ಯಾರು ಯಾರಿಗೆ ಮಾಡಿದ್ದು ಎಂಬುದನ್ನು ಕ್ರಿಯಾಪದ ನೋಡಿಕೊಳ್ಳುತ್ತದೆ.

ಐಕನಾದಲ್ಲಿ ಭಾಷಾಶಾಸ್ತ್ರಜ್ಞರನ್ನು ಬೆರಗುಗೊಳಿಸಿದ್ದು ಯಾವುದು?

ಅದರ ಭವಿಷ್ಯತ್ಕಾಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಐಕನಾದಲ್ಲಿ 'ನೀನು ಹೋಗುವೆ' ಎಂದು ಮುಂದಾಗುವುದನ್ನು ಹೇಳಬೇಕಾದರೆ ಕ್ರಿಯಾಪದಕ್ಕೆ ಪುರುಷಪ್ರತ್ಯಯ ಒಂದಲ್ಲ, ಎರಡು ಬರುತ್ತವೆ. ಹೊರಗಿನ ಪ್ರತ್ಯಯ ನಿಜವಾದ ಕರ್ತೃವನ್ನು ಹೇಳುತ್ತದೆ: ನೀನು. ಒಳಗಿನದು ಮಾತ್ರ ಯಾವಾಗಲೂ ಉತ್ತಮ ಪುರುಷ: ನಾನು. ಹಲವರಾದರೆ ಒಳಗೆ 'ನಾವು'. ಹೋಗುವವನು ನೀನಾಗಲಿ, ಅವನಾಗಲಿ, ಅವರಾಗಲಿ, ಒಳಗೆ ಕೂತಿರುವುದು 'ನಾನು' ಅಥವಾ 'ನಾವು'. ಮೊದಲ ನೋಟಕ್ಕೆ ಇದು ಅಸಂಬದ್ಧ. ನೀನು ಹೋಗುವ ಮಾತಿನಲ್ಲಿ ನಾನು ಎಲ್ಲಿಂದ ಬಂದೆ?

ಇದಕ್ಕೆ ವಿವರಣೆ ಕೊಟ್ಟವರು ಭಾಷಾಶಾಸ್ತ್ರಜ್ಞ ಹೈನ್ ವಾನ್ ಡೆರ್ ವೋರ್ಟ್. ಅವರು ಹೇಳಿದ್ದು ಇಷ್ಟು: ಆ ಒಳಗಿನ ತುಣುಕು ಮೂಲತಃ ಬೇರೆಯವರ ಬಾಯಿಯ ಮಾತು. 'ನಾನು ಹೋಗುತ್ತೇನೆ' ಎಂದು ಕರ್ತೃ ತಾನೇ ಹೇಳಿಕೊಂಡಂತೆ ಇಟ್ಟು, ಅದರ ಹೊರಗೆ ಆ ಕರ್ತೃವಿನ ಗುರುತು ಹಾಕುವುದು. ಯಾರೂ ನಿಜವಾಗಿ ಹಾಗೆ ಹೇಳಿರಬೇಕಾಗಿಲ್ಲ. ಕಲ್ಪಿತ ಮಾತು ಕಾಲಕ್ರಮೇಣ ವ್ಯಾಕರಣದಲ್ಲಿ ಗಟ್ಟಿಯಾಗಿ, ಕೊನೆಗೆ ಭವಿಷ್ಯತ್ತಿನ ರೂಪವೇ ಆಗಿ ನಿಂತಿದೆ. 'ಅನ್ನು' ಎಂಬ ಕ್ರಿಯಾಪದ ಕೂಡ ಅಲ್ಲಿ ಕಾಣುವುದಿಲ್ಲ.

ಇದನ್ನು ಇಂಗ್ಲಿಷ್ ಮೂಲಕ ಅರ್ಥಮಾಡಿಕೊಳ್ಳಲು ಹೋದರೆ ತಲೆ ತಿರುಗುತ್ತದೆ. ಕನ್ನಡದ ಮೂಲಕ ಹೋದರೆ ಬಾಗಿಲು ತೆರೆದೇ ಇದೆ. ಹಳೇ ಮನೆಯ ಗೋಡೆ ವಾಲಿದ್ದು ನೋಡಿ ನಾವೇನನ್ನುತ್ತೇವೆ? "ಗೋಡೆ ಬೀಳ್ತೀನಿ ಬೀಳ್ತೀನಿ ಅಂತಿದೆ." ಗೋಡೆಗೆ ಬಾಯಿಲ್ಲ. ಆದರೂ 'ಬೀಳ್ತೀನಿ' ಎಂದು ಉತ್ತಮ ಪುರುಷದಲ್ಲಿ ಗೋಡೆಯೇ ನುಡಿದಂತೆ ಒಳಗೆ ಇಟ್ಟು, ಹೊರಗೆ 'ಅಂತಿದೆ' ಎಂದು ನಪುಂಸಕದಲ್ಲಿ ಮುಗಿಸುತ್ತೇವೆ. ಒಳಗೆ 'ನಾನು', ಹೊರಗೆ 'ಅದು'. "ಹಾಲು ಉಕ್ತೀನಿ ಉಕ್ತೀನಿ ಅಂತಿತ್ತು, ಅಷ್ಟರಲ್ಲಿ ಒಲೆ ಆರಿಸಿದೆ" ಎಂಬುದೂ ಇದೇ ಕಟ್ಟು. ಊರಿಗೆ ಹೋಗುವ ಯೋಚನೆಯಿದ್ದರೆ "ಹೋಗೋಣ ಅಂತಿದೀನಿ" ಅನ್ನುತ್ತೇವೆ. ನಮ್ಮಲ್ಲಿ ಇದು ಇನ್ನೇನು ಆಗಲಿರುವುದಕ್ಕೆ, ಮನಸ್ಸಿನಲ್ಲಿರುವುದಕ್ಕೆ ಬಳಸುವ ಒಂದು ಬಗೆ, ಬೇಕಾದರೆ ಬಿಡಬಹುದು. ಐಕನಾದಲ್ಲಿ ಅದು ಬಿಡಲು ಬಾರದ ನಿಯಮ. ಎರಡು ಭಾಷೆಗಳಿಗೂ ಯಾವ ಬಂಧುತ್ವವೂ ಇಲ್ಲ, ಎಂದೂ ಭೇಟಿಯಾಗಿಲ್ಲ. ಮುಂದಾಗುವುದನ್ನು ಆಗುವ ವಸ್ತುವಿನ ಬಾಯಿಂದಲೇ ಹೇಳಿಸುವ ದಾರಿ ಎರಡಕ್ಕೂ ತಂತಾನೇ ಹೊಳೆದಿದೆ. ನನ್ನ ಮಟ್ಟಿಗೆ ಇಡೀ ಐಕನಾ ಪರಿಚಯದಲ್ಲಿ ಇದಕ್ಕಿಂತ ಸಂತೋಷ ಕೊಡುವ ವಿಷಯ ಇನ್ನೊಂದಿಲ್ಲ.

ಐಕನಾ ದಾಖಲಾಗದೆ ಹೋಗಿದ್ದರೆ, ಭವಿಷ್ಯತ್ಕಾಲವನ್ನು ಹೀಗೂ ಕಟ್ಟಬಹುದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ.

ಐಕನಾ ಜನ ಈಗಿರುವ ಜಾಗ ಅವರ ಮೂಲ ನೆಲವೇ?

ಅಲ್ಲ. ಭಾಷೆಯ ಇಂದಿನ ಸ್ಥಿತಿಗೆ ಮುಖ್ಯ ಕಾರಣ ಇಲ್ಲೇ ಇದೆ.

ಕಾಂಡಿಡೊ ರೊಂಡೊನ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ 1907ರಿಂದ 1915ರವರೆಗೆ ಈ ಕಾಡಿನ ಮೂಲಕ ಟೆಲಿಗ್ರಾಫ್ ತಂತಿ ಎಳೆದರು. ರಾಜ್ಯಕ್ಕೆ ರೊಂಡೋನಿಯಾ ಎಂಬ ಹೆಸರು ಬಂದದ್ದು ಅವರಿಂದಲೇ. ತಂತಿಯ ಹಿಂದೆ ರಬ್ಬರ್ ದಣಿಗಳು ಬಂದರು. ಎರಡನೇ ಮಹಾಯುದ್ಧದ ಹೊತ್ತಿಗೆ ಮಿತ್ರರಾಷ್ಟ್ರಗಳಿಗೆ ರಬ್ಬರ್ ಬೇಕಾಗಿ ಈ ಧಂದೆ ಮತ್ತೆ ಚುರುಕಾಯಿತು. ದಣಿ ಮೊದಲು ಕತ್ತಿ, ಉಪ್ಪು, ಬಟ್ಟೆ ಸಾಲ ಕೊಡುವುದು, ಕಾಡಿನವರು ರಬ್ಬರ್ ಹಾಲು ಇಳಿಸಿ ತಂದು ತೀರಿಸುವುದು, ಲೆಕ್ಕ ಬರೆಯುವವನು ದಣಿಯೇ ಆದ್ದರಿಂದ ಸಾಲ ಎಂದೂ ತೀರದಿರುವುದು: ಅಮೆಜಾನಿನ ಉದ್ದಕ್ಕೂ ನಡೆದದ್ದು ಇದೇ. ನಮ್ಮ ಜೀತದ ಲೆಕ್ಕವನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ದಡಾರ, ಶೀತಜ್ವರ. ಹೊರಗಿನ ರೋಗಗಳಿಗೆ ಒಗ್ಗದ ಮೈಗಳು ಊರೂರೇ ಖಾಲಿಯಾಗುವಷ್ಟು ಸತ್ತವು. ಬದುಕುಳಿದ ಬೇರೆ ಬೇರೆ ಭಾಷೆಯ ಜನ ರಬ್ಬರ್ ಇಳಿಸುವ ಶಿಬಿರಗಳಲ್ಲಿ ಒಟ್ಟಾದಾಗ ಎಲ್ಲರ ನಡುವಿನ ಮಾತು ಪೋರ್ಚುಗೀಸ್ ಆಯಿತು.

1960ರ ದಶಕದಲ್ಲಿ ಟೆಲಿಗ್ರಾಫ್ ತಂತಿಯ ಜಾಡಿನಲ್ಲೇ ಬಿಆರ್-364 ಹೆದ್ದಾರಿ ಬಂತು. ಆಮೇಲಿನದನ್ನು ಅಂಕಿಗಳೇ ಹೇಳುತ್ತವೆ. 1970ರಲ್ಲಿ ರೊಂಡೋನಿಯಾದ ಜನಸಂಖ್ಯೆ ಸುಮಾರು 1.1 ಲಕ್ಷ, 1991ಕ್ಕೆ 11 ಲಕ್ಷ ದಾಟಿತ್ತು. ದಕ್ಷಿಣ ಬ್ರೆಜಿಲ್ಲಿನಿಂದ ಜಮೀನು ಅರಸಿ ಬಂದವರಿಗೆ ಸರ್ಕಾರ ಪಟ್ಟೆ ಕೊಟ್ಟಿತು, ಕಾಡು ಕಡಿದು ದನದ ಹುಲ್ಲುಗಾವಲು ಮಾಡಿದರು. ಐಕನಾ ಜನ ಇದ್ದದ್ದು ಫಲವತ್ತಾದ ಕಾಡಿನ ನೆಲದಲ್ಲಿ. 1970ರ ದಶಕದ ಮೊದಲ ಭಾಗದಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಈಗಿನ ಟುಬರಾವ್-ಲಾತುಂದೆಗೆ ಸಾಗಿಸಿದರು. ಇದು ಮರಳು ಮಿಶ್ರಿತ, ಕುರುಚಲು ಬೆಳೆಯುವ ಬಡ ಮಣ್ಣು. ಒಳ್ಳೆಯ ನೆಲ ರ‍್ಯಾಂಚುಗಳ ಪಾಲಾಯಿತು. ವಿಸ್ತೀರ್ಣ ನೋಡಿದರೆ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು, ಕಾಗದದ ಮೇಲೆ ಉದಾರವಾಗಿ ಕಾಣುತ್ತದೆ. ಮೆಕ್ಕೆಜೋಳ, ಮರಗೆಣಸು ಬೆಳೆದು ಉಣ್ಣುವ ಜನಕ್ಕೆ ಬೇಕಾದದ್ದು ಹೆಕ್ಟೇರಲ್ಲ, ಮಣ್ಣು.

ನೆಲ ಸಾಕದಿದ್ದರೆ ಜನ ಕೂಲಿಗೆ ಹೊರಗೆ ಹೋಗುತ್ತಾರೆ. ಹೊರಗೆ ಹೋದರೆ ಪೋರ್ಚುಗೀಸ್. ಭಾಷೆ ಮನೆಯೊಳಗೆ ಸೊರಗುವುದು ಹೀಗೆ. ತಾಯಂದಿರು ಕಲಿಸಲಿಲ್ಲ ಎಂದು ದೂರುವವರು ಈ ಸರಣಿಯನ್ನು ಮೊದಲಿಂದ ನೋಡಬೇಕು.

ಒಂದೇ ಪ್ರದೇಶದಲ್ಲಿ ಎಷ್ಟು ಭಾಷೆಗಳಿವೆ?

ಟುಬರಾವ್-ಲಾತುಂದೆಯಲ್ಲಿ ಐಕನಾ, ಕ್ವಾಜಾ ಮತ್ತು ಲಾತುಂದೆ ಜನ ಇದ್ದಾರೆ. ಲಾತುಂದೆ ನಂಬಿಕ್ವಾರಾ ಕುಟುಂಬದ್ದು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳು. ಮೇಲೆ ಪೋರ್ಚುಗೀಸ್. ಕ್ವಾಜಾ ಮಾತಾಡುವವರು ಸುಮಾರು ಇಪ್ಪತ್ತೈದು ಮಂದಿ ಮಾತ್ರ, ಅವರಲ್ಲಿ ಹಲವರಿಗೆ ಐಕನಾ ಕೂಡ ಬರುತ್ತದೆ, ಯಾಕೆಂದರೆ ಐಕನಾ ಮನೆಗಳ ಜೊತೆ ಕೊಡುಕೊಳ್ಳುವ ನಂಟಿದೆ. ಇನ್ನೂರು ಜನರ ಭಾಷೆಯೂ ಮತ್ತೊಂದಕ್ಕೆ ದೊಡ್ಡ ಭಾಷೆಯಾಗುವ ಸನ್ನಿವೇಶ ಇದು.

ಅವರ ಬದುಕು, ಆಹಾರ?

ಮೆಕ್ಕೆಜೋಳ, ಮರಗೆಣಸು ಮುಖ್ಯ. ಇವೆರಡನ್ನೂ ಹುಳಿ ಬರಿಸಿ ಮಾಡುವ ಶಿಶಾ ಎಂಬ ಪಾನೀಯ ಈ ಸೀಮೆಯ ಎಲ್ಲ ಹಬ್ಬಗಳಲ್ಲೂ ಇರುತ್ತದೆ. ಪಕ್ಕದ ಊರಿನವರನ್ನು ಶಿಶಾಕ್ಕೆ ಕರೆಯುವುದೇ ಸಂಬಂಧ ಬೆಳೆಸುವ ದಾರಿಯಾಗಿತ್ತು. ತುಕುಂ ಎಂಬ ತಾಳೆಜಾತಿಯ ಮರದ ನಾರಿನಿಂದ ಹೆಣೆಯುವ ಮರಿಕೊ ಎಂಬ ಚೀಲವೂ ಗ್ವಾಪೊರೆ ಬಲದಂಡೆಯ ಜನರ ಗುರುತು.

ಬರೆಯುವುದು ಯಾವ ಲಿಪಿಯಲ್ಲಿ? ಶಾಲೆ ಇದೆಯೇ?

ರೋಮನ್ ಲಿಪಿಯಲ್ಲಿ, ಮೂಗುಸ್ವರಗಳಿಗೆ ಮೇಲೆ ಗುರುತು ಹಾಕಿ. ಬ್ರೆಜಿಲ್ಲಿನ 1988ರ ಸಂವಿಧಾನದ 210ನೇ ವಿಧಿ ಮೂಲನಿವಾಸಿ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲೂ ಕಲಿಯುವ ಹಕ್ಕು ಕೊಡುತ್ತದೆ. 231ನೇ ವಿಧಿ ಅವರ ಭಾಷೆ, ಪದ್ಧತಿ ಮತ್ತು ನೆಲದ ಮೇಲಿನ ಹಕ್ಕನ್ನು ಒಪ್ಪುತ್ತದೆ. ಭಾಷೆ ಮತ್ತು ನೆಲ ಒಂದೇ ವಿಧಿಯಲ್ಲಿ ಸೇರಿರುವುದು ಸರಿಯಾಗಿಯೇ ಇದೆ. ರೊಂಡೋನಿಯಾ ಸರ್ಕಾರ 1998ರಿಂದ ಅಸಾಯಿ ಎಂಬ ಹೆಸರಿನಲ್ಲಿ ಮೂಲನಿವಾಸಿ ಶಿಕ್ಷಕರ ತರಬೇತಿ ನಡೆಸಿದೆ. ಹಕ್ಕು ಇರುವುದು ಬೇರೆ, ಪಠ್ಯಪುಸ್ತಕ ಇರುವುದು ಬೇರೆ. ಇನ್ನೂರು ಜನರಿಗಾಗಿ ಮುದ್ರಿಸುವ ಪುಸ್ತಕಕ್ಕೆ ಯಾವ ಮಾರುಕಟ್ಟೆಯೂ ಇಲ್ಲ, ಅದನ್ನು ಸಾರ್ವಜನಿಕ ಹಣದಿಂದಲೇ ಮಾಡಬೇಕು.

ಅಧ್ಯಯನ ಮಾಡಿದವರು ಯಾರು?

ಇಪ್ಪತ್ತನೇ ಶತಮಾನದ ಮೊದಲಾರ್ಧದಲ್ಲಿ ಬಂದವರು ಬರೆದಿಟ್ಟದ್ದು ಶಬ್ದಪಟ್ಟಿಗಳನ್ನು. 1940ರ ದಶಕದಲ್ಲಿ ಚಿನ್ನದ ನಿಕ್ಷೇಪ ಹುಡುಕಿ ಬಂದ ತಂಡದ ಭೂವಿಜ್ಞಾನಿ ವಿಕ್ಟರ್ ಡೆಕೆಶ್ ಮಾಡಿಕೊಂಡ ಟಿಪ್ಪಣಿಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಐಕನಾ ಧ್ವನಿವ್ಯವಸ್ಥೆಯ ಮೇಲೆ ಇಯೋನಿ ವಾಸ್ಕೊನ್ಸೆಲೊಸ್ 2002ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ವಾನ್ ಡೆರ್ ವೋರ್ಟ್ ಮೊದಲು ಕ್ವಾಜಾ ಭಾಷೆಯ ದೊಡ್ಡ ವ್ಯಾಕರಣವನ್ನು 2004ರಲ್ಲಿ ಹೊರತಂದು, ಬೆಲೆಮ್ ನಗರದ ಎಮಿಲಿಯೊ ಗೋಲ್ಡಿ ಮ್ಯೂಸಿಯಮ್ಮಿನಲ್ಲಿದ್ದುಕೊಂಡು ಐಕನಾ ಕೆಲಸ ಮುಂದುವರಿಸಿದ್ದಾರೆ. ಆದರೆ ಈ ಎಲ್ಲರಿಗೂ ಹೇಳಿಕೊಟ್ಟವರು ಐಕನಾ ಹಿರಿಯರು. ಒಂದೇ ವಾಕ್ಯವನ್ನು ಹತ್ತು ಬಗೆಯಲ್ಲಿ ತಿರುಗಿಸಿ ಹೇಳಿ, ಇದು ಸರಿ, ಇದನ್ನು ನಾವು ಹೀಗೆ ಅನ್ನುವುದಿಲ್ಲ ಎಂದು ತಾಳ್ಮೆಯಿಂದ ತಿದ್ದುವ ಆ ದುಡಿಮೆ ಇಲ್ಲದೆ ಒಂದು ಪುಟವೂ ಆಗುತ್ತಿರಲಿಲ್ಲ.

ಐಕನಾ ಅಳಿದುಹೋಗುತ್ತದೆಯೇ?

ಅಪಾಯ ನಿಜ. ಹತ್ತಿರದಲ್ಲೇ ಏನಾಯಿತೆಂದು ನೋಡಿ. ಇದೇ ಆಗ್ನೇಯ ರೊಂಡೋನಿಯಾದ ತನಾರು ಕಾಡಿನಲ್ಲಿ ತನ್ನವರೆಲ್ಲರನ್ನೂ ಕಳೆದುಕೊಂಡ ಒಬ್ಬ ವ್ಯಕ್ತಿ ದಶಕಗಳ ಕಾಲ ಒಬ್ಬನೇ ಬದುಕಿದ್ದ. ಗುಡಿಸಲಿನೊಳಗೆ ಆಳವಾದ ಗುಂಡಿ ತೋಡುತ್ತಿದ್ದುದರಿಂದ ಹೊರಗಿನವರು ಅವನನ್ನು ಗುಂಡಿಯ ಮನುಷ್ಯ ಎಂದು ಕರೆದರು. 2022ರ ಆಗಸ್ಟಿನಲ್ಲಿ ಅವನು ತನ್ನ ಜೋಲಿಯಲ್ಲಿ ಸತ್ತು ಮಲಗಿದ್ದು ಕಂಡಿತು. ಅವನ ಭಾಷೆಯ ಒಂದು ಪದವೂ ದಾಖಲಾಗಿಲ್ಲ, ಅದು ಯಾವ ಬಳಗದ್ದೆಂದು ಇನ್ನು ಎಂದಿಗೂ ತಿಳಿಯುವಂತಿಲ್ಲ. 1995ರಲ್ಲಿ ಓಮೆರೆ ನದಿಯ ಬಳಿ ಹೊರಜಗತ್ತಿಗೆ ಸಿಕ್ಕಿದ ಅಕುಂತ್ಸು ಜನ ಆಗ ಏಳು ಮಂದಿ ಉಳಿದಿದ್ದರು, ಆಮೇಲೆ ಮೂವರಿಗೆ ಇಳಿದರು.

ಐಕನಾ ಆ ಸ್ಥಿತಿಗೆ ಬಂದಿಲ್ಲ. ಅದನ್ನು ದಿನವೂ ಆಡುವ ಊರುಗಳಿವೆ. ಆದರೆ ಇನ್ನೂರು ಎಂಬುದು ಒಂದು ಸಾಂಕ್ರಾಮಿಕದಿಂದ, ಒಂದು ತಲೆಮಾರಿನ ವಲಸೆಯಿಂದ ಅರ್ಧಕ್ಕೆ ಇಳಿಯಬಹುದಾದ ಸಂಖ್ಯೆ. ನೆಲದ ಗಡಿ ಭದ್ರವಾಗಿದ್ದು, ಊರಲ್ಲೇ ಹೊಟ್ಟೆ ತುಂಬುವಂತಿದ್ದು, ಶಾಲೆಯಲ್ಲಿ ಐಕನಾ ಬಲ್ಲ ಶಿಕ್ಷಕರಿದ್ದರೆ ಉಳಿಯುತ್ತದೆ. ರೆಕಾರ್ಡಿಂಗ್ ಮಾಡಿಟ್ಟರೆ ಸಾಕು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಧ್ವನಿಮುದ್ರಣ ಬೇಕೇ ಬೇಕು, ಆದರೆ ಅದು ಮಾತಾಡುವ ಮಗುವಿಗೆ ಬದಲಿಯಲ್ಲ.

ಹೆಚ್ಚು ತಿಳಿಯಬೇಕಾದರೆ ಹೇಗೆ ಹುಡುಕಬೇಕು?

ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಐಕನಾಗೆ ಟಿ-ಬಿ-ಎ ಎಂಬ ಮೂರಕ್ಷರವಿದೆ. ಹೆಸರಿನಿಂದ ಹುಡುಕಿದರೆ ಹಳೆಯ ಹೆಸರುಗಳ ಗೊಂದಲ ಕಾಡುವುದರಿಂದ ಸಂಕೇತದಿಂದ ಹುಡುಕುವುದು ಒಳ್ಳೆಯದು. ಹೆಚ್ಚಿನ ಸಾಮಗ್ರಿ ಪೋರ್ಚುಗೀಸಿನಲ್ಲಿದೆ, ಉಳಿದದ್ದು ಇಂಗ್ಲಿಷಿನಲ್ಲಿ. ಗೋಲ್ಡಿ ಮ್ಯೂಸಿಯಂ ತನ್ನ ಮಾನವವಿಜ್ಞಾನ ಪತ್ರಿಕೆಯ ಲೇಖನಗಳನ್ನು ಉಚಿತವಾಗಿ ಓದಲು ಬಿಟ್ಟಿದೆ. ಭವಿಷ್ಯತ್ಕಾಲದ ಮೇಲಿನ ಲೇಖನ ಅಲ್ಲೇ 2013ರಲ್ಲಿ ಬಂದದ್ದು. ಪೋರ್ಚುಗೀಸ್ ಬಾರದವರು ಅನುವಾದ ಯಂತ್ರದ ನೆರವಿನಿಂದ ಓದುವುದಾದರೆ ಉದಾಹರಣೆ ವಾಕ್ಯಗಳನ್ನು ಮಾತ್ರ ಮೂಲದಲ್ಲೇ ನೋಡಿ. ಯಂತ್ರ ಐಕನಾ ಪದಗಳನ್ನೂ ಪೋರ್ಚುಗೀಸ್ ಎಂದು ಭಾವಿಸಿ ತಿರುಗಿಸಿಬಿಡುತ್ತದೆ.